ನಡುಗಲೊಲ್ಲದ ಕೈಯ ಮೇಲ್ಮನವಿ

ಕರೆಯದೆಯೇ ಒಳಗೆ ಬಂದು, ಹೇಳದೆಯೇ ಹೊರಗೆ ಹೋಗಿ, ಅರಸನ ಮೂಗಿನಲ್ಲೂ ಆಳಿನ ಮೂಗಿನಲ್ಲೂ ಒಂದೇ ಮರ್ಯಾದೆಯಿಂದ ಸಂಚರಿಸುವ ದೇವನೇ, ಮೊದಲ ನಮಸ್ಕಾರ ನಿನಗೆ. ನಿದ್ದೆಯಲ್ಲಿ ನಮ್ಮನ್ನು ನಾವೇ ಮರೆತಿರುವಾಗಲೂ ನೀನು ಮರೆಯದೆ ಎದೆಯ ತಿದಿಯನ್ನು ಒತ್ತುತ್ತಿರುವೆ. ಈ ಕಥೆಯ ಕ್ಷೌರಿಕನೂ, ಅವನ ಅಕ್ಕನೂ, ಕಪ್ಪು ಕೋಟಿನ ವಕೀಲನೂ ನಿನ್ನ ಗಾಳಿಯನ್ನೇ ಎರವಲು ಪಡೆದು ಮಾತನಾಡಿದವರು. ಹೇಳುವ ನಾಲಗೆ ತೊಡರದಂತೆ, ಕೇಳುವ ಮನಸ್ಸು ಬಳಲದಂತೆ ಕಾಯು.

ನ್ಯಾಯಾಲಯದ ಮೊಗಸಾಲೆಯಲ್ಲಿ ಕುಳಿತಿದ್ದ ಕ್ಷೌರಿಕನಿಗೆ ಆ ಬೆಳಗ್ಗೆ ಮೊದಲ ಸಲ ಸ್ವಲ್ಪ ಧೈರ್ಯ ಬಂದದ್ದು ಮುಂದಿನ ಬೆಂಚಿನವರ ಹಿಂಗತ್ತುಗಳನ್ನು ಕಂಡಾಗ. ಮುಖಗಳ ಮಟ್ಟಿಗೆ ಅವನು ಎಂದೂ ಗಟ್ಟಿಗನಲ್ಲ. ಮುಖವೆಂದರೆ ಅವನಿಗೆ ಕನ್ನಡಿಯೊಳಗಿನ ವಸ್ತು, ಎಡಬಲ ಅದಲುಬದಲಾದದ್ದು, ತನ್ನ ಹೆಗಲಿನ ಮೇಲಿನಿಂದ ಇಣುಕಿ ಮಾತನಾಡಿಸಬೇಕಾದದ್ದು. ಹಿಂಗತ್ತು ಹಾಗಲ್ಲ, ಅದು ನೇರ, ಸುಳ್ಳು ಹೇಳಲು ಕಲಿತಿಲ್ಲ. ಇಲ್ಲೊಬ್ಬರದು ಯಾರೋ ಅವಸರದಲ್ಲಿ ಕತ್ತರಿಸಿದ್ದು, ಬಲಗಿವಿಯ ಹಿಂದೆ ಒಂದು ಮೆಟ್ಟಿಲು ಉಳಿದುಹೋಗಿದೆ. ಇನ್ನೊಬ್ಬರದು ಮನೆಯಲ್ಲೇ ಹೆಂಡತಿ ಮಾಡಿದ ಕೆಲಸ, ಪ್ರೀತಿಯಿದೆ, ಅಳತೆಯಿಲ್ಲ. ಹೀಗೆ ತೀರ್ಪು ಕೊಡುತ್ತಾ ಕುಳಿತಿದ್ದವನಿಗೆ, ತಾನು ಬಂದಿರುವುದು ತೀರ್ಪು ಕೊಡಲು ಅಲ್ಲ, ಬೇಡಲು ಎಂಬುದು ನೆನಪಾಯಿತು. ಕೂಡಲೇ ತೊಡೆಯ ಮೇಲಿದ್ದ ಬಲಗೈ, ಅದರ ಮೇಲೆ ಅಕ್ಕ ಇರಿಸಿದ್ದ ಚೀಲದ ಕೊಂಡಿಯ ಸಮೇತ ಕಟಕಟನೆ ಸದ್ದು ಮಾಡಿತು.

"ನಡುಗ್ತಿದೆಯೇನೋ?" ಎಂದಳು ಅಕ್ಕ.

"ನಡುಗ್ತಿದೆ."

"ಸದ್ಯ. ಒಳಗೆ ಹೋಗೋವರೆಗೂ ಆರದ ಹಾಗೆ ಹಾಗೇ ಇಟ್ಕೋ."

"ಅದೇನು ಕಾಫಿಯೇ ಅಕ್ಕ, ಮುಚ್ಚಿ ಇಟ್ಕೊಳ್ಳೋಕೆ?"

ಅಕ್ಕ ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬರುವ ಹೋಗುವ ಬಸ್ಸುಗಳನ್ನು ಸಾರಿ ಸಾರಿ ನಿವೃತ್ತಳಾದವಳು. ಈಗಲೂ ಅವಳು ಗುಟ್ಟು ಹೇಳಿದರೆ ಆಚೆ ಬೀದಿಯವರು ಸಾಮಾನು ಎತ್ತಿಕೊಂಡು ಏಳುತ್ತಾರೆಂದು ಅವನು ಅವಳನ್ನು ಕಿಚಾಯಿಸುವುದುಂಟು. ಸಾಲಿನ ಕೊನೆಯಲ್ಲಿ ಕುಳಿತಿದ್ದವರು ಆಗಲೇ ತಲೆ ತಿರುಗಿಸಿ ಅವನ ಕೈಯನ್ನು ನೋಡಿದರು. ನೋಡಿದ್ದೇ ತಡ, ಕೈ ನಿಂತಿತು. ಪರರ ಕಣ್ಣು ಬಿದ್ದೊಡನೆ ಮಡಚಿ ಕುಳಿತು, ನೆಂಟರ ಮುಂದೆ ಸಭ್ಯವಾಗಿದ್ದು, ಅವರು ಎದ್ದುಹೋದ ಮೇಲೆ ಪಾತ್ರೆ ಉರುಳಿಸುವ ಮಗುವಿನಂತಿತ್ತು ಆ ಕೈ. ಮನೆಯಲ್ಲಿ ಅದು ಲೋಟ ಚೆಲ್ಲುತ್ತದೆ, ಗುಂಡಿಯನ್ನು ಅದರ ತೂತಿಗೆ ತಲುಪಿಸದೆ ಅಂಗಿಯ ತುಂಬ ಅಲೆಸುತ್ತದೆ, ಬೀಗದ ಕೈಯಿಂದ ಬಾಗಿಲಿಗೆ ಕಚಗುಳಿ ಇಡುತ್ತದೆ. ಹೊರಗಿನವರ ಮುಂದೆ ಮಾತ್ರ ಕಲ್ಲಿನಲ್ಲಿ ಕೊರೆದ ಅಭಯಹಸ್ತ. ತನ್ನ ದೇಹದ ತುದಿಯಲ್ಲೇ ಇಂಥದೊಂದು ಕಪಟ ವಿನಯ ನೆಲೆಸಿರುವುದು ಅವನಿಗೆ ಬಿಡಿಸಲಾಗದ ಅವಮಾನವಾಗಿತ್ತು.

ಇಲಾಖೆಯ ವೈದ್ಯರ ಕೊಠಡಿಯಲ್ಲಿ ನಡೆದದ್ದೂ ಅದೇ. ಅಂಗವೈಕಲ್ಯದ ಮಾಸಾಶನ ಕೇಳಿ ಅರ್ಜಿ ಹಾಕಿದವರನ್ನು ಪರೀಕ್ಷಿಸುವ ಆ ವೈದ್ಯರು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ, "ಕೈ ಮುಂದೆ ಚಾಚಿ" ಎಂದಿದ್ದರು. ಅವನು ಚಾಚಿದ. ಬೆರಳುಗಳನ್ನು ನೋಡಲು ವೈದ್ಯರು ಬಾಗಿದಾಗ ಅವರ ಕೊರಳು ಅವನ ಕೈಗೆ ತೀರ ಹತ್ತಿರವಾಯಿತು. ದವಡೆಯ ಕೆಳಗೆ ಕತ್ತಿಗೆ ಸಿಗದೆ ತಪ್ಪಿಸಿಕೊಂಡ ಕೂದಲಿನ ಒಂದು ಸಣ್ಣ ಪೊದೆ ಕಂಡಿತು. ಅಷ್ಟೇ. ಒಳಗೆ ಯಾವುದೋ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು, ಎದೆ ನಿಂತಿತು, ಕೈ ನಿಂತಿತು. ನಿನ್ನ ತೋಳಿನ ತುದಿಯಲ್ಲಿ ಕತ್ತಿ, ಕತ್ತಿಯ ತುದಿಯಲ್ಲಿ ಒಬ್ಬರ ಪ್ರಾಣ, ಆಗ ನೀನಿಲ್ಲ ಕಣೋ, ನಿನ್ನ ಉಸಿರೂ ಇಲ್ಲ, ಮಾತೂ ಇಲ್ಲ, ಎಂದು ಅಪ್ಪ ಹೇಳುತ್ತಿದ್ದ. ಹೇಳುತ್ತಾ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಹಿಂದೆ ಮುಂದೆ ಎಳೆಯುತ್ತಿದ್ದ. ಆ ಸದ್ದು ಮಂತ್ರಪಾಠದಂತೆ ಒಂದೇ ಲಯದಲ್ಲಿ ಸಾಗುತ್ತಿತ್ತು. ನೊರೆ ಹಚ್ಚಿದ ಕುಂಬಳಕಾಯಿಯ ಮೇಲೆ ಕಲಿತ ವಿದ್ಯೆ ಅದು. ತಲೆಯ ಮೇಲೆ ಕತ್ತರಿ ಆಡಿಸುವಾಗ ಎಷ್ಟು ಬೇಕಾದರೂ ಹರಟು. ದವಡೆಯ ಗಡಿ ದಾಟಿದೊಡನೆ ಮೌನ. ಹಾಗೆ ನಡೆದುಕೊಂಡೇ ಗಿರಾಕಿಗಳ ಬಾಯಲ್ಲಿ ಮಗ ಮೌನಿಯಾದ. ಅಪ್ಪ ಹೋದರೂ ಕಟ್ಟಳೆ ಹೋಗಲಿಲ್ಲ. ಅದು ಶ್ವಾಸಕೋಶದಲ್ಲೇ ಮನೆ ಮಾಡಿಕೊಂಡು, ಬಾಡಿಗೆಯನ್ನೂ ಕೊಡದೆ, ಹೇಳದೆ ಕೇಳದೆ ತನ್ನ ಕೆಲಸ ಮಾಡುತ್ತಿತ್ತು. "ಕಂಪನ ಕಂಡುಬಂದಿಲ್ಲ, ಸ್ವಂತ ಕಸುಬು ಮಾಡಲು ಶಕ್ತ" ಎಂದು ವೈದ್ಯರು ಸಹಾಯಕನಿಗೆ ಗಟ್ಟಿಯಾಗಿ ಹೇಳಿ ಬರೆಸಿದಾಗ ಅವನು ಮಾಡಿದ್ದೇನು? ಹೊಗಳಿಸಿಕೊಂಡವನಂತೆ ನಾಚಿ, ತಲೆ ಬಾಗಿಸಿ, "ತಮ್ಮ ಆಶೀರ್ವಾದ" ಎಂದಿದ್ದ. ಮೆಟ್ಟಿಲು ಇಳಿಯುವಾಗ ಎದೆಯುಬ್ಬಿತ್ತು ಬೇರೆ. ಕೆಳಗಿನ ರಸ್ತೆಯಲ್ಲಿ ಛತ್ರಿ ಬಿಚ್ಚಲು ಹೋಗಿ ಅದರ ಕಡ್ಡಿಗಳೊಂದಿಗೆ ಸೆಣಸುತ್ತಾ ನಿಂತಾಗಲೇ, ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡು ಬಂದೆನೆಂದು ತಿಳಿದದ್ದು.

ಅರ್ಜಿ ತಿರಸ್ಕೃತವಾಯಿತು. ಅಂಗಡಿ ಮುಚ್ಚಿಯಾಗಿತ್ತು, ಅಕ್ಕನ ಪಿಂಚಣಿಯಲ್ಲಿ ಇಬ್ಬರ ಹೊಟ್ಟೆ, ಬಾಡಿಗೆ, ಔಷಧಿ ಎಲ್ಲವೂ ಮೊಣಕಾಲು ಮಡಚಿಕೊಂಡು ಮಲಗಬೇಕಾಗಿತ್ತು. ಅವಳು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಕನ್ನಡಕದ ಗಾಜು ಸೀಳುಬಿಟ್ಟಿದ್ದರೂ ಹೊಸದು ಮಾಡಿಸದೆ, ಸೀಳಿನ ಒಂದು ಕಡೆಯಿಂದ ದಿನಪತ್ರಿಕೆಯನ್ನೂ ಇನ್ನೊಂದು ಕಡೆಯಿಂದ ತಮ್ಮನನ್ನೂ ನೋಡುತ್ತಿದ್ದಳು. ಆ ಸೀಳು ಅವನನ್ನು ಕೊಯ್ದಷ್ಟು ಯಾವ ಕತ್ತಿಯೂ ಯಾರನ್ನೂ ಕೊಯ್ದಿರಲಾರದು. ಕೋರ್ಟಿಗೆ ಹೋಗೋಣವೆಂದು ಕೊನೆಗೆ ಅವಳೇ ಹೊರಡಿಸಿದಳು. ಮಾರುಕಟ್ಟೆಯ ಮೇಲಂತಸ್ತಿನಲ್ಲಿದ್ದ ವಕೀಲರೊಬ್ಬರು ಎಲ್ಲವನ್ನೂ ಕೇಳಿ, "ಎಲ್ಲಿ, ಕೈ ತೋರಿಸಿ ನೋಡೋಣ" ಎಂದರು. ತೋರಿಸಿದ. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟ ಗಾಜಿನ ಗುಂಡು ಬೇಕಾದರೆ ಅಲುಗೀತು, ಕೈ ಅಲುಗಲಿಲ್ಲ. "ನಿಮ್ಮ ಕೈ ನನಗಿಂತ ಗಟ್ಟಿಯಾಗಿದೆಯಲ್ರೀ. ಇದನ್ನ ಹಿಡ್ಕೊಂಡು ಹೋದ್ರೆ ಅಲ್ಲಿ ನಗೆಪಾಟಲು ನನ್ನದಾಗುತ್ತೆ" ಎಂದು ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅಕ್ಕ ಮೆಟ್ಟಿಲಿಳಿಯುತ್ತಾ, "ಬೇಡ ಬಿಡು, ನಿನ್ನ ಕೇಸು ನೀನೇ ಹೇಳು. ಬಾಯಿ ಇದೆಯಲ್ಲ, ದೇವರು ಕೊಟ್ಟಿದ್ದು" ಎಂದಳು.

"ಅದನ್ನ ಉಪಯೋಗಿಸಿ ಅಭ್ಯಾಸ ಇಲ್ಲ ಅಕ್ಕ. ನಮ್ಮನೇಲಿ ಅದು ನಿನ್ನ ಖಾತೆ."

ಅಭ್ಯಾಸ ಮಾಡಿಸಿದಳು. ಅಡುಗೆಮನೆಯ ಎತ್ತರದ ಮಣೆಯ ಮೇಲೆ ನ್ಯಾಯಾಧೀಶಳಾಗಿ ತಾನು ಕುಳಿತು, ಒಲೆಯ ಪಕ್ಕದಲ್ಲಿ ಅವನನ್ನು ನಿಲ್ಲಿಸಿ, "ಗಮನಿಸಿ, ಅರ್ಜಿದಾರರು ಬೇಗ ಬೇಗ ಹೇಳಬೇಕು, ಹೊರಡೋ ಸಮಯ ಆಗಿದೆ" ಎಂದು ಗದರಿಸಿದಳು. ಕೈ ತೋರಿಸು ಎಂದರೆ ಅವಳ ಮುಂದೆಯೂ, ಆ ಎತ್ತರದ ಮಣೆಯ ಮಹಿಮೆಯಿಂದಲೋ ಏನೋ, ಕೈ ಸತ್ಯಸಂಧನಂತೆ ನಿಂತುಬಿಡುತ್ತಿತ್ತು. "ಹಾಗಾದ್ರೆ ನೀನೇ ಸ್ವಲ್ಪ ನಡುಗಿಸೋ. ಇರೋದನ್ನೇ ತಾನೆ ತೋರಿಸ್ತಿರೋದು, ಅದರಲ್ಲಿ ಸುಳ್ಳೇನು ಬಂತು?" ಎಂದಳು ಬೇಸತ್ತು. ಅವನು ಬಚ್ಚಲಿನ ಕನ್ನಡಿಯ ಮುಂದೆ ನಿಂತು ನಡುಗಿಸಿ ನೋಡಿದ. ನೋಡಲು ಅದು ಯಾರಿಗೋ ಟಾಟಾ ಹೇಳುವಂತಿತ್ತು. ನಿಜವಾದ ನಡುಕ ತಾನಾಗಿ ಬರುವಾಗ ಅದರಲ್ಲೊಂದು ಗಾಂಭೀರ್ಯವಿತ್ತು, ದೂರದಲ್ಲಿ ರೈಲು ಹಾದುಹೋದಾಗ ನೆಲ ನಡುಗುವಂತೆ; ಇದರಲ್ಲಿ ಬರಿಯ ಭಿಕ್ಷೆಯಿತ್ತು. ಕನ್ನಡಿಯೊಳಗೆ ಎಡಗೈಯಂತೆ ಕಾಣುತ್ತಿದ್ದ ತನ್ನ ಬಲಗೈಯನ್ನು ನೋಡುತ್ತಾ, ನಿಜವನ್ನೇ ನಟಿಸಿದರೆ ಅದು ನಿಜವೋ ಸುಳ್ಳೋ ಎಂದು ಯೋಚಿಸಿದ. ಶಾಸ್ತ್ರ ಓದಿದವರಿಗೂ ತಲೆ ತುರಿಸುವ ಪ್ರಶ್ನೆ; ಬಚ್ಚಲಿನಲ್ಲಿ ಅದಕ್ಕೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ನಲ್ಲಿ ತಿರುಗಿಸಲು ಹೋದಾಗ ಯಾರೂ ಕೇಳದೆಯೇ ಕೈ ಚೆನ್ನಾಗಿ ನಡುಗಿತು.

ಈಗ ನ್ಯಾಯಾಲಯದ ಬಾಗಿಲಲ್ಲಿ ಜವಾನ ಮೇಲ್ಮನವಿಯ ಸಂಖ್ಯೆ ಕೂಗಿದ. "ಅಕ್ಷರ ನುಂಗ್ತಾನೆ. ನಮ್ಮ ನಿಲ್ದಾಣದಲ್ಲಿ ಹೀಗೆ ಕೂಗಿದ್ರೆ ಜನ ಬೇರೆ ಊರಿಗೆ ಹೋಗಿಬಿಡೋರು" ಎಂದಳು ಅಕ್ಕ. ಒಳಗೆ ಹೋಗುವಾಗ ಅವನ ಕಣ್ಣು ತಾನಾಗಿಯೇ ಗೋಡೆಗಳಲ್ಲಿ ಕನ್ನಡಿ ಹುಡುಕಿತು. ಇರಲಿಲ್ಲ. ಕನ್ನಡಿಯಿಲ್ಲದ ಕೋಣೆಯಲ್ಲಿ ಮನುಷ್ಯರು ಇಷ್ಟೊಂದು ಎದುರೆದುರಾಗಿ ಕುಳಿತುಕೊಳ್ಳುವುದು ಅವನಿಗೆ ಅಸಭ್ಯವೆನಿಸಿತು. ಎತ್ತರದ ಪೀಠದಲ್ಲಿ ನ್ಯಾಯಾಧೀಶೆ, ನರೆಗೂದಲನ್ನು ಬಿಗಿಯಾಗಿ ಕಟ್ಟಿದವರು, ಪೆನ್ನಿನ ಹಿಂಬದಿಯಿಂದ ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಎಡಗಡೆ ಇಲಾಖೆಯ ವಕೀಲ. ಅವನ ಗದ್ದದಲ್ಲಿ, ಅವಸರದಲ್ಲಿ ತಾನೇ ಗಡ್ಡ ಮಾಡಿಕೊಂಡವರ ಲಾಂಛನವಾದ ಒಂದು ಗಾಯ, ಅದರ ಮೇಲೆ ಅಂಟಿಸಿ ತೆಗೆಯಲು ಮರೆತ ಕಾಗದದ ಚೂರು. ಕ್ಷೌರಿಕನ ಬೆರಳು ಅದನ್ನು ಒದ್ದೆ ಮಾಡಿ ತೆಗೆಯಲು ಚಡಪಡಿಸಿತು.

"ನಿಮ್ಮ ವಕೀಲರೆಲ್ಲಿ?" ಎಂದರು ನ್ಯಾಯಾಧೀಶೆ.

"ಇಲ್ಲ ಮೇಡಂ. ನಾನೇ."

"ಸರಿ. ಹಿಂದೆ ಕೂತಿರೋರು ಯಾರು?"

"ಅಕ್ಕ ಮೇಡಂ. ಮಾತಾಡಲ್ಲ ಅಂತ ಹೇಳಿದಾರೆ. ಅವರಿಗೆ ಅದು ಕಷ್ಟ, ಆದ್ರೂ."

ವಕೀಲ ಎದ್ದು ನಯವಾಗಿ ಕೇಳಿದ. "ಇಷ್ಟು ವರ್ಷದ ಕಸುಬಿನಲ್ಲಿ ಯಾರ ಕುತ್ತಿಗೆಗಾದರೂ ನಿಮ್ಮ ಕತ್ತಿ ತಗುಲಿದೆಯೇ?"

"ಇಲ್ಲ ಸಾರ್." ಅದನ್ನು ಹೇಳುವಾಗ ಬೆನ್ನು ನೆಟ್ಟಗಾಯಿತು, ತಡೆಯಲಾಗಲಿಲ್ಲ.

"ಒಂದು ಗೀರು?"

"ಗೀರೂ ಇಲ್ಲ." ಇಗೋ, ನಿಮ್ಮ ಗದ್ದದಲ್ಲಿದೆಯಲ್ಲ ಅಂಥದ್ದು ನನ್ನ ಅಂಗಡಿಯಿಂದ ಎಂದೂ ಹೊರಗೆ ಹೋಗಿಲ್ಲ, ಎನ್ನಬೇಕೆನಿಸಿ ನುಂಗಿಕೊಂಡ.

"ಕೊನೆಯ ದಿನದವರೆಗೂ?"

"ಕೊನೆಯ ದಿನದವರೆಗೂ."

"ಹಾಗಿದ್ದರೆ," ಎಂದು ವಕೀಲ ಪೀಠದ ಕಡೆ ತಿರುಗಿ ಅಂಗೈ ಬಿಚ್ಚಿದ, ನೊಣವೊಂದನ್ನು ಹಾರಲು ಬಿಟ್ಟವನಂತೆ. ಹಿಂದಿನಿಂದ ಅಕ್ಕನ ನಿಟ್ಟುಸಿರು ಧ್ವನಿವರ್ಧಕವಿಲ್ಲದೆಯೇ ಮೂಲೆ ಮೂಲೆಗೂ ತಲುಪಿತು. ಕ್ಷೌರಿಕನಿಗೆ ತನ್ನ ಜಂಬ ತನ್ನ ಕುತ್ತಿಗೆಗೇ ಕತ್ತಿಯಾದದ್ದು ತಿಳಿಯಿತು. ಒಂದಾದರೂ ಗೀರು ಮಾಡಿದ್ದರೆ, ಎಂದು ಒಂದು ಕ್ಷಣ ಹಂಬಲಿಸಿದ. ಹಂಬಲಿಸಿದ್ದಕ್ಕೆ ಮರುಕ್ಷಣವೇ ಅಪ್ಪನಿಗೂ ದೇವರಿಗೂ ಒಟ್ಟಿಗೇ ತಪ್ಪಾಯಿತೆಂದ.

"ಕೈ ತೋರಿಸಿ" ಎಂದರು ನ್ಯಾಯಾಧೀಶೆ.

ಚಾಚಿದ. ಕೋಣೆಯ ಕಣ್ಣುಗಳೆಲ್ಲ ಬೆರಳುಗಳ ಮೇಲೆ ಬಂದು ಕುಳಿತವು. ಒಳಗಿನ ಬಾಗಿಲು ಮುಚ್ಚಿಕೊಂಡಿತು. ಫ್ಯಾನು ಮಾತ್ರ ಗರಗರ ಎನ್ನುತ್ತಿತ್ತು. ಈಗ ನಡುಗಿಸೋ, ಎಂದು ಅಕ್ಕನ ಬಾಯಿ ಹಿಂದೆ ಸದ್ದಿಲ್ಲದೆ ಆಡಿದ್ದನ್ನು ಅವನ ಬೆನ್ನು ಕೇಳಿಸಿಕೊಂಡಿತು. ನಡುಗಿಸಬಹುದಾಗಿತ್ತು. ಬಚ್ಚಲಿನ ಕನ್ನಡಿ ಕಣ್ಣಿಗೆ ಕಟ್ಟಿತು. ಈ ಕೈಯಿಂದ ಇವರಿಗೆಲ್ಲ ಟಾಟಾ ಹೇಳುವುದೇ? ಬೇಡ. ಸೋತರೆ ಸೋತೆ, ಅಕ್ಕನ ಕನ್ನಡಕದ ಸೀಳನ್ನು ಇನ್ನೊಂದು ಮಳೆಗಾಲ ನೋಡಿಕೊಂಡಿರಬೇಕು, ಅಷ್ಟೆ. ವಕೀಲ ಸಣ್ಣಗೆ ನಕ್ಕ.

ನ್ಯಾಯಾಧೀಶೆ ನಗಲಿಲ್ಲ. "ಅಂಗಡಿ ಯಾಕೆ ಮುಚ್ಚಿದಿರಿ? ಆ ದಿನ ಏನಾಯ್ತು, ಹೇಳಿ" ಎಂದರು.

ಕೈ ಇಳಿಸಲು ಯಾರೂ ಹೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ. ಆ ದಿನದ ಸಂಗತಿಯನ್ನು ಅವನು ಯಾರಿಗೂ, ಅಕ್ಕನಿಗೂ ಹೇಳಿರಲಿಲ್ಲ. ಹೇಳಲು ವಕೀಲರೊಬ್ಬರಿದ್ದಿದ್ದರೆ ಅವನು ಸುಮ್ಮನೆ ನಿಂತೇ ಇರುತ್ತಿದ್ದ. ಇರಲಿಲ್ಲವಾದ್ದರಿಂದ, ಬಾಯಿ ತೆರೆಯಲೇಬೇಕಾಯಿತು.

"ಕೊಳಲು ಕಲಿಸೋ ಮೇಷ್ಟ್ರು ಒಬ್ಬರಿದಾರೆ ಮೇಡಂ. ಅಪ್ಪನ ಕಾಲದ ಗಿರಾಕಿ. ನನ್ನ ಕೈ ಮೊದಮೊದಲು ನಡುಗೋಕೆ ಶುರುವಾದಾಗ ಅವರಿಗೆ ಗೊತ್ತಾಯ್ತು, ಆದ್ರೂ ಬೇರೆ ಕಡೆ ಹೋಗ್ಲಿಲ್ಲ. ಆ ದಿನ ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಕುತ್ತಿಗೆಗೆ ಬಂದೆ. ಕನ್ನಡೀಲಿ ನೋಡ್ತೀನಿ, ಮೇಷ್ಟ್ರು ಕಣ್ಣು ಮುಚ್ಚಿದಾರೆ, ಮುಖ ಕೆಂಪಾಗಿದೆ. ಅವರೂ ಉಸಿರು ಹಿಡಿದಿದ್ರು ಮೇಡಂ. ತಾವು ಅಲುಗಿದ್ರೆ ನನ್ನ ಕೈ ಎಲ್ಲಿ ತಪ್ಪುತ್ತೋ ಅಂತ. ಅವರು ಕೊಳಲೂದೋರು, ಅವರ ಉಸಿರು ಉದ್ದ. ನನ್ನದು ಮೊದಲು ಮುಗೀತು. ಕತ್ತಿ ಕೆಳಗಿಟ್ಟು, ಮೇಷ್ಟ್ರೇ, ಉಸಿರು ಬಿಡಿ ಅಂದೆ. ನಿನ್ನದು ಮುಗೀಲಿ ಅಂತ ಕಾಯ್ತಿದ್ದೆ ಕಣಪ್ಪ, ಅಂದ್ರು. ಅವರು ಹೆದರಿದ್ರು ಅಂತ ನನಗೆ ದುಃಖ ಆಗ್ಲಿಲ್ಲ. ಹೆದರಿದ್ದನ್ನ ನನಗೆ ಕಾಣದ ಹಾಗೆ ಇಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ರಲ್ಲ, ಅದಕ್ಕೆ. ಮಿಕ್ಕ ನೊರೆ ಒರೆಸಿದೆ. ಮೇಷ್ಟ್ರು ಅರ್ಧ ಗಡ್ಡದಲ್ಲೇ ಎದ್ದು, ಪೂರ್ತಿ ಆದವರ ಹಾಗೆ ಗದ್ದ ಸವರಿಕೊಂಡು, ಚೆನ್ನಾಗಾಯ್ತು ಅಂತ ಹೇಳಿ, ನಡು ಬೀದೀಲಿ ಹೋದ್ರು. ನಾನು ಬಾಗಿಲು ಹಾಕ್ದೆ."

ಹೇಳಿ ಮುಗಿಸುವಾಗ ಯಾರೂ ತನ್ನ ಮುಖ ನೋಡುತ್ತಿಲ್ಲವೆಂಬುದು ಅವನ ಗಮನಕ್ಕೆ ಬಂತು. ಎಲ್ಲರೂ ನೋಡುತ್ತಿದ್ದುದು ಕೈಯನ್ನು. ಅವನೂ ನೋಡಿದ. ಗಾಳಿಗೆ ಸಿಕ್ಕ ಎಲೆಯೊಂದು ತೊಟ್ಟು ಬಿಡದೆ ಹೊಯ್ದಾಡುವಂತೆ ಅದು ನಡುಗುತ್ತಿತ್ತು, ಮನೆಯಲ್ಲಿ ನಡುಗುವ ಹಾಗೆಯೇ, ಸಂಕೋಚವಿಲ್ಲದೆ. ನೋಡಿದೊಡನೆ ಅವನ ಮಾತು ನಿಂತಿತು, ಕೈಯೂ ನಿಂತಿತು.

"ಮಾತಾಡಿ" ಎಂದರು ನ್ಯಾಯಾಧೀಶೆ, ಮುಂದಕ್ಕೆ ಬಾಗಿ.

"ಏನು ಮಾತಾಡಲಿ ಮೇಡಂ?"

ಅಷ್ಟು ಸಾಕಾಯಿತು, ಬೆರಳುಗಳು ಮತ್ತೆ ಹೊರಟವು.

"ನಟನೆ, ಮೇಡಂ" ಎಂದ ವಕೀಲ. "ಬೇಕಾದಾಗ ನಡುಗಿಸ್ತಾರೆ, ಬೇಕಾದಾಗ ನಿಲ್ಲಿಸ್ತಾರೆ."

ಕ್ಷೌರಿಕ ಅವನ ಕಡೆ ತಿರುಗಿದ. ಕೋಪ ಬರಲಿಲ್ಲ. ಎಷ್ಟೋ ವರ್ಷ ಎದೆಯಲ್ಲಿ ಬಿಟ್ಟಿಯಾಗಿ ವಾಸವಿದ್ದವನ ಗುರುತು ಹತ್ತಿದ ಆಶ್ಚರ್ಯ ಮಾತ್ರವಿತ್ತು. "ನಡುಗಿಸೋಕೆ ನನಗೆ ಬರಲ್ಲ ಸಾರ್, ಮನೇಲಿ ಪ್ರಯತ್ನ ಮಾಡಿ ನೋಡಿದೀನಿ. ನಿಲ್ಲಿಸೋಕೆ ಬರುತ್ತೆ. ಉಸಿರು ಹಿಡಿದಷ್ಟು ಹೊತ್ತು ನಿಲ್ಲುತ್ತೆ. ಈಗಷ್ಟೇ ಗೊತ್ತಾಯ್ತು. ಡಾಕ್ಟರ್ ಮುಂದೆನೂ ಅದೇ ಆಗಿದ್ದು. ಆದ್ರೆ ಸಾರ್, ಒಂದು ಉಸಿರಲ್ಲಿ ಒಂದು ಗಡ್ಡ ಮುಗಿಯಲ್ಲ."

ಕೋಣೆಯಲ್ಲಿ ಯಾರೋ ಕೆಮ್ಮಿನಂತೆ ನಕ್ಕರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ವಕೀಲರೇ, ಇವರು ಕಸುಬು ಮಾಡಲು ಶಕ್ತರು ಅನ್ನೋದು ಇಲಾಖೆಯ ಖಚಿತ ಅಭಿಪ್ರಾಯ, ಅಲ್ಲವೇ?"

"ಖಚಿತ, ಮೇಡಂ."

"ಹಾಗಾದ್ರೆ ಮಧ್ಯಾಹ್ನದ ಬಿಡುವಿನಲ್ಲಿ ಇವರ ಹತ್ತಿರ ಒಂದು ಗಡ್ಡ ಮಾಡಿಸ್ಕೊಂಡು ಬನ್ನಿ. ಬೆಳಗ್ಗೆ ನೀವೇ ಮಾಡ್ಕೊಂಡಿದ್ದು ಅಷ್ಟು ಚೆನ್ನಾಗಿ ಬಂದಿಲ್ಲ."

ವಕೀಲನ ಕೈ ತನ್ನಷ್ಟಕ್ಕೆ ಮೇಲೆದ್ದು ಕೊರಳಿನ ಬಿಳಿಪಟ್ಟಿಯನ್ನು ಹಿಡಿದುಕೊಂಡಿತು. ಗಂಟಲಿನ ಗಂಟು ನಡುದಾರಿಯಲ್ಲಿ ನಿಂತುಹೋಗಿತ್ತು. ಕೊರಳುಗಳನ್ನು ನೋಡಿಯೇ ಬಾಳು ಸವೆಸಿದವನಿಗೆ ಅದರ ಅರ್ಥ ತಿಳಿಯದೆ ಇರಲಿಲ್ಲ. ಕುರ್ಚಿಯಲ್ಲಿ ಮೊದಲ ಸಲ ಕುಳಿತವರಿಗೆ ಹೇಳುತ್ತಿದ್ದ ಮೆಲುದನಿ ತಾನಾಗಿ ಹೊರಬಂತು.

"ಹೆದರಬೇಡಿ ಸಾರ್. ಉಸಿರು ಬಿಡಿ."

ಕೋಣೆ ನಕ್ಕಿತು. ಜವಾನ ನಕ್ಕ, ವಕೀಲನೂ ಉಸಿರು ಬಿಟ್ಟು, ಗದ್ದದ ಕಾಗದದ ಚೂರನ್ನು ಕಿತ್ತು, ಸೋತವರಿಗೆ ಅಪರೂಪವಾದ ಒಂದು ಚೆಲುವಿನಿಂದ ನಕ್ಕು ಕುಳಿತ. ನ್ಯಾಯಾಧೀಶೆ ಬೆರಳಚ್ಚುಗಾರ್ತಿಯ ಕಡೆ ತಿರುಗಿ ನಿಧಾನವಾಗಿ ಹೇಳಿ ಬರೆಸಿದರು. "ಉಸಿರು ಬಿಗಿಹಿಡಿದಿರುವವರೆಗೆ ಮಾತ್ರ ಸಾಧ್ಯವಾಗುವ ಕೆಲಸವನ್ನು, ಉಸಿರಾಡಿಕೊಂಡು ಬದುಕಬೇಕಾದ ಮನುಷ್ಯನ ಸಾಮರ್ಥ್ಯವೆಂದು ಎಣಿಸಲಾಗದು. ಮೇಲ್ಮನವಿಯನ್ನು ಪುರಸ್ಕರಿಸಿದೆ. ಅರ್ಜಿ ಹಾಕಿದ ದಿನದಿಂದ ಮಾಸಾಶನ ಕೊಡತಕ್ಕದ್ದು." ಆಮೇಲೆ ಕ್ಷೌರಿಕನಿಗೆ, "ಕೈ ಇಳಿಸಿ ಇನ್ನು" ಎಂದರು. ಅವನು ಅದನ್ನು ಇನ್ನೂ ಚಾಚಿಯೇ ಇದ್ದ.

ಮೊಗಸಾಲೆಗೆ ಬಂದು, ನಲ್ಲಿಯ ಪಕ್ಕದ ಲೋಟವನ್ನು ಬಲಗೈಯಲ್ಲೇ ತುಂಬಿ, ಬಂದುಹೋಗುವವರೆಲ್ಲರ ಎದುರಿಗೆ ಎತ್ತಿದ. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ ಹೋಯಿತು. ಯಾರು ಯಾರೋ ನೋಡಿದರು. ಕೈ ತನ್ನ ಪಾಡಿಗೆ ನಡುಗುತ್ತಲೇ ಇತ್ತು. ಅಕ್ಕ ಸೆರಗಿನಿಂದ ಮೊದಲು ತನ್ನ ಕಣ್ಣನ್ನೂ ಆಮೇಲೆ ಅವನ ಅಂಗಿಯನ್ನೂ ಒರೆಸಿದಳು.

"ಮೇಷ್ಟ್ರ ಸಂಗತಿ ನನಗೆ ಯಾಕೋ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ಎಲ್ಲ ಬಸ್ಸಿನೋರಿಗೂ ತಿಳೀತಿತ್ತು."

"ಅದಕ್ಕೇನೋ ಅವರು ಅವತ್ತಿಂದ ಎದೆಯುದ್ದ ಗಡ್ಡ ಬಿಟ್ಟಿರೋದು? ನಾನು ವೈರಾಗ್ಯ ಬಂತೇನೋ ಅಂತ ಕೈ ಮುಗೀತಿದ್ದೆ."

ಅವನು ಲೋಟ ಕೆಳಗಿಟ್ಟ. ಮೇಷ್ಟರು ಬೇರೆ ಯಾರ ಕತ್ತಿಗೂ ಕೊರಳು ಕೊಟ್ಟಿರಲಿಲ್ಲ. ಗಡ್ಡದೊಳಗಿಂದ ಕೊಳಲೂದುತ್ತಾ ಇಷ್ಟು ದಿನ ಕಾದಿದ್ದಾರೆ. ಅವರ ಉಸಿರು ಉದ್ದವೆಂದು ಗೊತ್ತಿತ್ತು, ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.

"ಮೊದಲು ನಿನ್ನ ಕನ್ನಡಕ ಅಕ್ಕ. ಆಮೇಲೆ ಮೇಷ್ಟ್ರನ್ನ ಕರ್ಕೊಂಡು ನಮ್ಮ ಬೀದೀಲಿ ಹೊಸದಾಗಿ ಕ್ಷೌರದಂಗಡಿ ತೆರೆದಿರೋ ಹುಡುಗನ ಹತ್ರ ಹೋಗೋಣ."

"ನೀನು ಅಲ್ಲಿ ಏನು ಮಾಡ್ತೀಯೋ?"

"ಪಕ್ಕದ ಕುರ್ಚೀಲಿ ಕೂತ್ಕೊಂಡು ಮಾತಾಡ್ತೀನಿ. ಕತ್ತಿ ದವಡೆ ಇಳಿದು ಕೊರಳಿಗೆ ಬಂದ್ರೂ, ಬಾಯಿ ಮುಚ್ಚದೆ."

ಹೀಗೆ ಮೌನಿಗೆ ಮಾತು ಬಂತು, ಕೈಗೆ ನಾಚಿಕೆ ಬಿಟ್ಟಿತು. ಇದನ್ನು ಕೇಳಿದವರೆಲ್ಲರ ಎದೆ ಹಗುರವಾಗಿರಲಿ. ನಡುಗುವ ಕೈಗಳಿಗೆ ಹಿಡಿಯುವ ಕೈಗಳು ದೊರೆಯಲಿ, ಬೇಡಲು ನಿಂತವರ ಮುಂದೆ ಆಲಿಸುವ ಕಿವಿಗಳಿರಲಿ. ಯಾರ ಎದುರಿಗೂ ಯಾರೂ ಉಸಿರು ಬಿಗಿಹಿಡಿದು ನಿಲ್ಲಬೇಕಾದ ಗಳಿಗೆ ಬಾರದಿರಲಿ. ಬಂದರೂ, ಬಿಡು ಎಂದು ಮೆಲ್ಲಗೆ ಹೇಳುವ ಒಂದು ದನಿಯನ್ನು ಆ ಪ್ರಾಣದೇವನು ಎಲ್ಲರ ಬಳಿಯಲ್ಲೂ ಇರಿಸಲಿ.